ಜೇಬಿನ ಮೇಲಿನ ಹೆಸರು

ನನ್ನ ಗಂಡನ ಬಳಿ ಇನ್ನೂರ ಹನ್ನೆರಡು ಹಳೆಯ ಅಂಗಿಗಳಿದ್ದವು. ಹಳೆಯವು ಎಂದರೆ ಅವರೇ ತೊಟ್ಟು ಹಳತು ಮಾಡಿದವಲ್ಲ. ಹಾಗಿದ್ದಿದ್ದರೆ ನಾನು ಯಾವತ್ತೋ ನೆಲ ಒರೆಸಲು ತೆಗೆದುಕೊಳ್ಳುತ್ತಿದ್ದೆ. ಇವು ಬೇರೆ ಯಾರೋ, ಈ ದೇಶದ ಯಾವುದೋ ಮೂಲೆಯಲ್ಲಿ, ಐವತ್ತು ಅರವತ್ತು ವರ್ಷಗಳ ಹಿಂದೆ ತೊಟ್ಟು ಬಿಟ್ಟವು. ಗ್ಯಾಸ್ ಸ್ಟೇಷನ್ನಿನಲ್ಲಿ, ಎಂದರೆ ಪೆಟ್ರೋಲ್ ಬಂಕಿನಲ್ಲಿ, ಕೆಲಸ ಮಾಡುತ್ತಿದ್ದವರ ಅಂಗಿ, ಮನೆಮನೆಗೆ ಹಾಲು ಹಾಕುತ್ತಿದ್ದವರ ಅಂಗಿ, ಶನಿವಾರ ಸಂಜೆ ಚೆಂಡು ಉರುಳಿಸುವ ಬೌಲಿಂಗ್ ಆಡಲು ಹೋಗುತ್ತಿದ್ದವರ ಬಣ್ಣಬಣ್ಣದ ಅಂಗಿ. ಹೆಚ್ಚುಕಡಿಮೆ ಎಲ್ಲದರ ಜೇಬಿನ ಮೇಲೂ ದಾರದಲ್ಲಿ ಹೊಲಿದ ಒಂದೊಂದು ಹೆಸರು: ಹ್ಯಾಂಕ್, ಲೀರಾಯ್, ಸ್ಟ್ಯಾನ್, ಬಡ್.

ಅಮೆರಿಕದ ಡೆಟ್ರಾಯಿಟ್ ಬಳಿ, ರಾಚೆಸ್ಟರ್ ಹಿಲ್ಸ್‌ನ ನಮ್ಮ ಸಬ್‌ಡಿವಿಷನ್ನಿನಲ್ಲಿ, ಬಡಾವಣೆಯ ನಿಯಮದಂತೆ, ಹೊರಗೆ ಬಟ್ಟೆ ಒಣಗಿಸುವಂತಿರಲಿಲ್ಲ. ಹಾಗಾಗಿ ಗರಾಜಿನೊಳಗೇ ಹಗ್ಗ ಕಟ್ಟಿ ಒಣಗಿಸುತ್ತಿದ್ದೆ. ಎದುರು ಮನೆಯ ಖಲೀದಾ ಹುಬ್ಬಳ್ಳಿಯವರು. ಒಮ್ಮೆ ಸಕ್ಕರೆ ಕೇಳಲು ಬಂದು, ಸಾಲಾಗಿ ತೂಗುತ್ತಿದ್ದ ಅಂಗಿಗಳ ಹೆಸರನ್ನು ಒಂದೊಂದಾಗಿ ಓದಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಶುಭಾ, ಖರೇ ಹೇಳ್ರಿ, ನಿಮ್ಮ ಮನ್ಯಾಗ ಎಷ್ಟ ಮಂದಿ ಗಂಡಸರದಾರ?" ಎಂದಿದ್ದರು. ನಾನು ನಕ್ಕು ನಕ್ಕು ಕೈಯಲ್ಲಿದ್ದ ಕ್ಲಿಪ್ಪುಗಳನ್ನೆಲ್ಲ ಕೆಳಗೆ ಚೆಲ್ಲಿದ್ದೆ.

ನನ್ನ ಗಂಡನ ಹೆಸರು ಇನ್ನೂ ಹೇಳಲಿಲ್ಲ. ಮರೆತು ಅಲ್ಲ, ನಾಲಿಗೆ ಹೊರಳುವುದಿಲ್ಲ. ಗಂಡನ ಹೆಸರು ಹಿಡಿದು ಕರೆದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ನಂಜನಗೂಡಿನ ನಮ್ಮ ಮನೆಯ ನಂಬಿಕೆ. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದಾಗ ನಮ್ಮಮ್ಮ ನನ್ನ ಭುಜ ತಟ್ಟಿ, "ನೀನು ಹೇಳೇ" ಎನ್ನುತ್ತಿದ್ದಳು. ನಾನು ಅಂಥದ್ದೆಲ್ಲ ನಂಬುವವಳಲ್ಲ, ಮೈಕ್ರೋಬಯಾಲಜಿಯಲ್ಲಿ ಎಂಎಸ್‌ಸಿ ಮಾಡಿದವಳು. ಆದರೂ ಡಾಕ್ಟರ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದೆ. ಬಿಡಿ ಅಕ್ಷರಕ್ಕೆ ದೋಷವಿಲ್ಲ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡಿದ್ದೆ.

ಎಲ್ಲರಂತೆ "ರೀ" ಎಂದರಾಯಿತಲ್ಲ ಎನ್ನುತ್ತೀರಿ. ಮನೆಯೊಳಗೆ ಸರಿ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಒಮ್ಮೆ "ರೀ!" ಎಂದು ಕೂಗಿದೆ ನೋಡಿ, ಹನ್ನೊಂದು ಗಂಡಂದಿರು ಒಟ್ಟಿಗೆ ತಿರುಗಿದರು. ನನ್ನವರೊಬ್ಬರು ಮಾತ್ರ ತಿರುಗಲಿಲ್ಲ, ಗ್ರಿಲ್ಲಿನ ಮುಂದೆ ಬೆನ್ನು ಮಾಡಿಕೊಂಡು ಜೋಳ ಸುಡುತ್ತಿದ್ದರು. ಅವತ್ತು ಅವರು ತೊಟ್ಟಿದ್ದ ಅಂಗಿಯ ಜೇಬಿನ ಮೇಲೆ ಅರ್ಲ್ ಎಂದಿತ್ತು. ಸಿಟ್ಟು ನೆತ್ತಿಗೇರಿ "ಅರ್ಲ್!" ಎಂದು ಅರಚಿದೆ. ಥಟ್ಟನೆ ತಿರುಗಿದರು. ಅಲ್ಲಿಂದ ಮುಂದೆ ಮನೆಯ ಹೊರಗೆಲ್ಲ ಅವರು ನನಗೆ ಅರ್ಲ್, ತೊಟ್ಟ ಅಂಗಿ ಯಾವುದೇ ಇರಲಿ. ಅದು ಅವರ ಹೆಸರೇ ಅಲ್ಲವಲ್ಲ, ಆಯುಸ್ಸಿಗೂ ಅಪಾಯವಿಲ್ಲ.

ಆ ಅಂಗಿ ಅವರ ಸಂಗ್ರಹದಲ್ಲೇ ಮೊದಲನೆಯದು. 1989ರ ನವೆಂಬರಿನಲ್ಲಿ ನಾನು ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮದುವೆಯಾಗಿ ಎಂಟು ತಿಂಗಳಾಗಿತ್ತು. ಗಂಡನ ಮುಖ ನೋಡಿದ್ದು ಒಟ್ಟು ಒಂಬತ್ತು ದಿನ. ಹೊರಗೆ ಬಂದರೆ ಮೀಸೆ ಬೋಳಿಸಿದ ಸಣಕಲು ಮನುಷ್ಯನೊಬ್ಬ ಬೂದುನೀಲಿ ಬಣ್ಣದ ದಪ್ಪ ಅಂಗಿ ತೊಟ್ಟು ಕೈ ಬೀಸುತ್ತಿದ್ದ. ಜೇಬಿನ ಮೇಲೊಂದು ಬಿಳಿಯ ಪಟ್ಟಿ, ಅದರಲ್ಲಿ ಕೆಂಪು ದಾರದಲ್ಲಿ ಅರ್ಲ್. ಯಾರದೋ ಗಂಡನನ್ನು ನೋಡಿ ನಗುತ್ತಿದ್ದೇನಲ್ಲ ಎಂದು ನಗುವನ್ನು ಅರ್ಧಕ್ಕೇ ನುಂಗಿದೆ. ಆತ ಹತ್ತಿರ ಬಂದು, "ಚಳಿ ಇದೆ, ಇದನ್ನ ಹಾಕ್ಕೋ" ಎಂದು ಮೈಸೂರು ಕನ್ನಡದಲ್ಲಿ ಹೇಳಿ, ಆ ಅಂಗಿಯನ್ನೇ ಬಿಚ್ಚಿ ನನ್ನ ಸೀರೆಯ ಮೇಲೆ ಹೊದಿಸಿದಾಗಲೇ ಜೀವ ಬಂದದ್ದು. ಅಂಗಿಗೆ ಗ್ರೀಸಿನ ವಾಸನೆ ಇತ್ತು. ಹಳೆ ಬಟ್ಟೆಯ ಅಂಗಡಿಯಲ್ಲಿ ಕೊಂಡದ್ದೆಂದು ಆಮೇಲೆ ಗೊತ್ತಾಗಿ, ಮೂರು ದಿನ ಮುಖ ಊದಿಸಿಕೊಂಡಿದ್ದೆ.

ಈ ಹುಚ್ಚು ಹತ್ತಿದ್ದು ಮೈಸೂರಿನಲ್ಲಂತೆ. ಹುಡುಗನಾಗಿದ್ದಾಗ ಹಳೆ ಪುಸ್ತಕದ ಅಂಗಡಿಯಲ್ಲಿ ಅಮೆರಿಕದ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಮಾರುತ್ತಿದ್ದರು. ಒಂದು ಜಾಹೀರಾತಿನಲ್ಲಿ ಟೋಪಿ ಹಾಕಿದ ಗ್ಯಾಸ್ ಸ್ಟೇಷನ್ನಿನವನೊಬ್ಬ ಕಾರಿನ ಗಾಜು ಒರೆಸುತ್ತಾ ನಗುತ್ತಿದ್ದ, ಎದೆಯ ಮೇಲೆ ಅವನ ಹೆಸರಿತ್ತು. ಆ ಚಿತ್ರದೊಳಗಿನ ದೇಶವನ್ನು ನೋಡಬೇಕೆಂದು ಇವರು ಬಂದರೆ ಇಲ್ಲಿ ಎಲ್ಲರೂ ತಮ್ಮ ಗಾಡಿಗೆ ತಾವೇ ಪೆಟ್ರೋಲ್ ಹಾಕಿಕೊಳ್ಳುತ್ತಿದ್ದರು. ಅವನು ಎಲ್ಲಿ ಹೋದ ಎಂದು ಹುಡುಕುತ್ತಲೇ ಇವರ ಶನಿವಾರಗಳು ಕಳೆದವು. ದೊಡ್ಡ ಹೈವೇ ಬಿಟ್ಟು ಹಳೆಯ ರಸ್ತೆಗಳಲ್ಲಿ ಹೋಗುವುದು, ನಿಯಾನ್ ದೀಪದ ಮೋಟೆಲ್ ಬೋರ್ಡು ಕಂಡರೆ ಕಾರು ನಿಲ್ಲಿಸುವುದು, ದುಂಡನೆಯ ಸ್ಟೂಲುಗಳಿರುವ ಡೈನರಿನಲ್ಲಿ ಕುಳಿತು ಕಾಫಿ ಕುಡಿಯುವುದು, ಹಳೆ ಸಾಮಾನಿನ ಅಂಗಡಿಗೆ ನುಗ್ಗಿ ಅಂಗಿ ಹಿಡಿದು ಬರುವುದು. ತಾನು ಹುಟ್ಟುವ ಹೊತ್ತಿಗೇ ಮುಗಿಯುತ್ತಾ ಬಂದಿದ್ದ ಕಾಲಕ್ಕೆ, ತನ್ನದಲ್ಲದ ಊರಿನಲ್ಲಿ ಹಂಬಲಿಸುವ ಗಂಡ. ನಾನು ಗೊಣಗುತ್ತಲೇ ಪುಳಿಯೋಗರೆ ಕಟ್ಟಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಗೊಣಗಿದ್ದೇನೋ ನಿಜ, ಆದರೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಯಾರೋ ತೊಟ್ಟು ಬಿಟ್ಟ ಬಟ್ಟೆ, ತೊಟ್ಟವರು ಇದ್ದಾರೋ ಸತ್ತಿದ್ದಾರೋ. ಅದು ನನ್ನ ಸೀರೆಗಳ ಬೀರುವಿಗೆ ಬರಕೂಡದು, ದೇವರ ಕೋಣೆಯ ಹತ್ತಿರವಂತೂ ಸುಳಿಯಕೂಡದು. ಅವರು ಗರಾಜಿನಲ್ಲೇ ಒಂದು ಬೀರು ಮಾಡಿಕೊಂಡರು. ಒಗೆಯುವುದು, ತೇಪೆ ಹಾಕುವುದು ನಾನೇ. ಮೈಲಿಗೆ ಎನ್ನುತ್ತಲೇ ಇನ್ನೂರ ಹನ್ನೆರಡು ಅಂಗಿಯ ಗುಂಡಿಗಳನ್ನು ಭದ್ರ ಮಾಡಿದವಳು ನಾನು.

ಈ ವರ್ಷ ಮೇ ತಿಂಗಳಲ್ಲಿ ಮನೆ ಮಾರಿದೆವು. ಅವರು ವಿಕ್ಸಮ್‌ನ ಕಂಪನಿಯಿಂದ ರಿಟೈರ್ ಆಗಿದ್ದರು, ಹಿಮ ಎತ್ತಿಹಾಕಲು ಇಬ್ಬರ ಬೆನ್ನಿಗೂ ಆಗುತ್ತಿರಲಿಲ್ಲ, ಶಿಕಾಗೋ ಹತ್ತಿರದ ಅರೋರಾದಲ್ಲಿ ಮಗಳು ವಿನಿತಾಳಿಗೆ ಮಗುವಾಗಿತ್ತು. ಅವಳ ಮನೆಯ ಹತ್ತಿರವೇ ಎರಡು ಕೋಣೆಯ ಒಂದು ಕಾಂಡೊ ಫ್ಲಾಟು ತೆಗೆದುಕೊಂಡೆವು. ಬಾಲಾಜಿ ದೇವಸ್ಥಾನ ಹತ್ತು ನಿಮಿಷ. ಹೋಗೋಣ ಎಂದು ಹಟ ಹಿಡಿದವಳು ನಾನು. ಅವರು ಆಗಲಿ ಎಂದರು. ಇಪ್ಪತ್ತೆಂಟು ವರ್ಷದ ಮನೆಯನ್ನು ಬಿಡುವಾಗ ಅಷ್ಟು ಸಲೀಸಾಗಿ ಆಗಲಿ ಎಂದರೆ ಎದುರಿನವರಿಗೆ ಜಗಳ ಆಡಲೂ ಅವಕಾಶವಿರುವುದಿಲ್ಲ.

ವಿನಿತಾ ವಿಡಿಯೊ ಕಾಲಿನಲ್ಲಿ, "ಅಪ್ಪಾ, ಯೂ ಗೆಟ್ ಒನ್ ಕ್ಲಾಸೆಟ್. ದಟ್ಸ್ ಇಟ್" ಎಂದಳು. ಆ ಕ್ಲಾಸೆಟ್ಟಿನಲ್ಲಿ ಉಳಿದ ಬಟ್ಟೆಯ ಜೊತೆ ಎಷ್ಟು ಹಿಡಿದೀತು ಎಂದು ನಾನು ಲೆಕ್ಕ ಹಾಕಿ, ಹನ್ನೆರಡು ಅಂಗಿ ಎಂದೆ. ಅವರು ಒಂದು ತಿಂಗಳು ಕೂತು ಹನ್ನೆರಡನ್ನು ಆರಿಸಿದರು. ಹನ್ನೊಂದಕ್ಕೆ ತಿಂಗಳು ಹಿಡಿಯಿತು. ಅರ್ಲ್ ಅಂಗಿಯನ್ನು ಮೊದಲ ದಿನವೇ ಪಕ್ಕಕ್ಕೆ ಇಟ್ಟಾಗಿತ್ತು.

"ವಿನಿತಾ ಮನೆ ಬಾಗ್ಲಿಗೆ ಇದನ್ನ ಹಾಕ್ಕೊಂಡೇ ಹೋಗ್ತೀನಿ ಕಣೆ," ಎಂದರು. "ನೀನು ಬಂದಿಳಿದಾಗ ಇದೇ ಹಾಕಿದ್ದೆ. ನಾವು ಈ ಊರು ಬಿಡೋವಾಗ್ಲೂ ಇದೇ ಇರ್ಲಿ."

ಅವರು ಕೇಳಿದ್ದು ಅದೊಂದು. ಇನ್ನೊಂದು, ಹಳೆಯ ರಸ್ತೆಯಲ್ಲಿ ಹೋಗೋಣ ಎಂದು. ಡೆಟ್ರಾಯಿಟ್‌ನಿಂದ ಶಿಕಾಗೋ ಕಡೆಗೆ ಮಿಶಿಗನ್ ಅವೆನ್ಯೂ ಹಿಡಿದು ಹೋದರೆ ಅದೇ ಮುಂದೆ ಯುಎಸ್ ಹನ್ನೆರಡು ಎಂಬ ಹಳೆಯ ರಸ್ತೆಯಾಗುತ್ತದೆ. ಹೈವೇಯಲ್ಲಿ ಐದು ಗಂಟೆಯ ದಾರಿ, ಇದರಲ್ಲಿ ಇಡೀ ದಿನ. ನಡುವೆ ಅಲೆನ್ ಎಂಬ ಸಣ್ಣ ಹಳ್ಳಿ, ರಸ್ತೆಯ ಎರಡೂ ಬದಿಗೆ ಹಳೆ ಸಾಮಾನಿನ ಅಂಗಡಿಗಳು. ಅಲ್ಲಿ ಪೆಗ್ಗಿ ಎಂಬಾಕೆಯ ಅಂಗಡಿ. ಮೂವತ್ತು ವರ್ಷಗಳಿಂದ ಇವರಿಗೆ ಅಂಗಿ ಮಾರಿದವಳು, ಈಗ ಇನ್ನೂರನ್ನು ವಾಪಸು ಕೊಳ್ಳಲು ಒಪ್ಪಿದ್ದಳು. ನಾನು ಕರೆಯುವುದನ್ನು ಕೇಳಿ ಕೇಳಿ ಅವಳೂ ಇವರನ್ನು ಅರ್ಲ್ ಎಂದೇ ಕರೆಯುತ್ತಿದ್ದಳು.

ಸಾಮಾನು ಹೊತ್ತ ಟ್ರಕ್ಕು ಹಿಂದಿನ ದಿನವೇ ಹೋಗಿತ್ತು. ನಮ್ಮ ವ್ಯಾನಿನಲ್ಲಿ ಉಳಿದದ್ದು ಹಿಂಬದಿಯಲ್ಲಿ ಅಂಗಿಗಳ ಆರು ಡಬ್ಬ, ಎರಡು ಸೂಟ್‌ಕೇಸು, ನಡುವಿನ ಸೀಟಿನಲ್ಲಿ ದೇವರ ಪೆಟ್ಟಿಗೆ. ಬೆಳ್ಳಿ ದೀಪ, ಲಕ್ಷ್ಮಿ, ಅತ್ತೆ ಕೊಟ್ಟ ಗಂಟೆ. ಅದನ್ನು ಟ್ರಕ್ಕಿನವರ ಕೈಗೆ ಕೊಡಲು ಮನಸ್ಸಾಗದೆ ಸೀಟ್ ಬೆಲ್ಟ್ ಹಾಕಿ ಕೂರಿಸಿದ್ದೆ. ಮನೆಗೆ ಕೊನೆಯ ಸಲ ಬೀಗ ಹಾಕಿ ಬಂದು ನೋಡುತ್ತೇನೆ, ಪೆಟ್ಟಿಗೆಯ ಮೇಲೆ ಇಸ್ತ್ರಿ ಮಾಡಿದ ಅರ್ಲ್ ಅಂಗಿ ಮಲಗಿತ್ತು. ಸುಕ್ಕಾಗದಿರಲಿ ಎಂದು ಅವರು ಅಲ್ಲಿ ಹರಡಿದ್ದರು.

ಮೂವತ್ತೈದು ವರ್ಷ ನಾನೇ ಒಗೆದ ಅಂಗಿ. ಕಂಕುಳ ಕೆಳಗಿನ ತೇಪೆ ನನ್ನದು. ಒಂದು ಕಾಲದಲ್ಲಿ ನನ್ನ ಮೈ ಬೆಚ್ಚಗಿಟ್ಟದ್ದೂ ಅದೇ. ಆದರೂ ಕೈ ಇದನ್ನೆಲ್ಲ ಕೇಳಲಿಲ್ಲ. ದೇವರ ಮೇಲೆ ಯಾರದೋ ಬಟ್ಟೆ ಎಂದು ಚಿಟಿಕೆಯಲ್ಲಿ ಎತ್ತಿ, ಹಿಂದೆ ಬಾಯಿ ಮುಚ್ಚಿರದ ಒಂದು ಡಬ್ಬದ ಮೇಲಿಟ್ಟೆ. ಆಮೇಲೆ ತೆಗೆದುಕೊಂಡರಾಯಿತು ಎಂದುಕೊಂಡೆ. ಅಷ್ಟರಲ್ಲಿ ಖಲೀದಾ ನಮಗಾಗಿ ಮಾಡಿದ ಬುತ್ತಿ ಹಿಡಿದು ಓಡಿಬಂದರು, ಇಬ್ಬರೂ ತಬ್ಬಿಕೊಂಡು ಅತ್ತೆವು, ಅಂಗಿ ತಲೆಯಿಂದ ಹಾರಿಯೇ ಹೋಯಿತು.

ದಾರಿಯುದ್ದಕ್ಕೂ ಅವರು ಚೆನ್ನಾಗಿಯೇ ಇದ್ದರು. ಸಲೀನ್, ಕ್ಲಿಂಟನ್, ಆಮೇಲೆ ಗುಡ್ಡಗಳ ನಡುವಿನ ಕೆರೆಗಳು. ಮುಚ್ಚಿಹೋದ ಒಂದು ಡ್ರೈವ್-ಇನ್ ಸಿನಿಮಾದ ಬಿಳಿ ಪರದೆ ಕಂಡಾಗ ವ್ಯಾನು ನಿಧಾನ ಮಾಡಿ, ಯಾರಿಗೋ ನಮಸ್ಕಾರ ಮಾಡುವಂತೆ ತಲೆ ಬಾಗಿಸಿದರು. ಹನ್ನೊಂದರ ಹೊತ್ತಿಗೆ ಅಲೆನ್ ತಲುಪಿದೆವು. ಪೆಗ್ಗಿಯ ಅಂಗಡಿಯ ಮುಂದೆ ನಿಂತಾಗ ಮಾತ್ರ ಅವರ ಮುಖ ಬಿಳುಪೇರಿತು.

"ನೀನೇ ಕೊಟ್ಬಾ. ನನ್ ಕೈಲಿ ನೋಡಕ್ಕಾಗಲ್ಲ," ಎಂದು ಅಂಗಡಿಯ ಹಿಂದಿನ ದೊಡ್ಡ ಕೊಟ್ಟಿಗೆಯ ಕಡೆ ನಡೆದುಬಿಟ್ಟರು. ಅಲ್ಲಿ ತಗಡಿನ ಹಳೆಯ ಬೋರ್ಡುಗಳನ್ನು ಒರಗಿಸಿಟ್ಟಿರುತ್ತಿದ್ದರು. ನಾನೂ ಪೆಗ್ಗಿಯೂ ಕೈಗಾಡಿಯಲ್ಲಿ ಆರು ಡಬ್ಬ ಒಳಗೆ ಸಾಗಿಸಿದೆವು. ನಾನೂ ನೋಡಲಿಲ್ಲ. ನೋಡಿದರೆ ನನಗೇ ಅಳು ಬರುತ್ತದೇನೋ ಎಂದು ಮುಖ ತಿರುಗಿಸಿಕೊಂಡೇ ತಳ್ಳಿದೆ. ಅಷ್ಟು ಸೂಕ್ಷ್ಮ ಅವತ್ತೇ ಯಾಕೆ ಬಂತೋ ನನಗೆ.

ಅಲ್ಲಿಂದ ಹತ್ತು ಮೈಲಿಯಾಚೆ ಕೋಲ್ಡ್‌ವಾಟರ್ ಊರಿನ ಡೈನರಿನಲ್ಲಿ ಊಟಕ್ಕೆ ಕುಳಿತೆವು. ಅವರಿಗೆ ಇಷ್ಟವಾದ ಜಾಗ. ಚೆರಿ ಪೈ ಬಂತು. ಒಂದು ಚೂರು ಬಾಯಿಗೆ ಹಾಕಿಕೊಂಡೆ, ಅವರು ಕೈ ಒರೆಸಿಕೊಳ್ಳುತ್ತಾ ಹೇಳಿದರು:

"ಇಲ್ಲೇ ಬಾತ್‌ರೂಮಲ್ಲಿ ಅಂಗಿ ಬದಲಾಯಿಸ್ಕೊಂಡ್ ಬಿಡ್ತೀನಿ. ದೇವರ ಪೆಟ್ಟಿಗೆ ಮೇಲೆ ಇಟ್ಟಿದೀನಿ, ತಂದ್ಕೊಡ್ತೀಯಾ?"

ಫೋರ್ಕನ್ನು ತಟ್ಟೆಯ ಮೇಲಿಟ್ಟೆ. ಆರಿಸಿಟ್ಟ ಹನ್ನೆರಡರಲ್ಲಿ ಬೇರೆ ಹನ್ನೊಂದೂ ಹೋಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಆದರೆ ಪೆಗ್ಗಿಗೆ ಕೊಟ್ಟ ಡಬ್ಬದಲ್ಲಿ ಹೋದದ್ದು ಅದೇ ಅಂಗಿ, ಕಳಿಸಿದವಳು ನಾನು.

"ರೀ, ನನ್ ಕನ್ನಡಕ ಪೆಗ್ಗಿ ಅಂಗಡೀಲೇ ಬಿಟ್ಬಂದೆ."

"ತಲೆ ಮೇಲೇ ಇದ್ಯಲ್ಲೇ."

"ಇದಲ್ಲ, ಓದೋದು."

ಅವರು ಎದ್ದೇಬಿಟ್ಟರು. ಪೆಗ್ಗಿಯ ಅಂಗಡಿಗೆ ಮತ್ತೊಮ್ಮೆ ಹೋಗಲು ಅವರಿಗೆ ಯಾವ ನೆಪವಾದರೂ ಸಾಕಿತ್ತು. ಅಂಗಿ ಆಮೇಲೆ ಹಾಕಿಕೊಳ್ಳುತ್ತೇನೆ ಎಂದರು. ಹತ್ತು ಮೈಲಿ ವಾಪಸು ಬರುವಾಗ ನಾನು ಹಿಂದಿನ ಸೀಟಿನ ದೇವರನ್ನು ಬೇಡಿಕೊಂಡೆ. ಯಾವ ಮುಖದಿಂದ ಬೇಡಿಕೊಂಡೆನೋ.

ಅವರು ಮತ್ತೆ ಕೊಟ್ಟಿಗೆಯ ಕಡೆ ಹೋದರು. ನಾನು ಓಡಿ ಒಳಗೆ ಹೋದೆ. ಪೆಗ್ಗಿ ನನ್ನ ಮುಖ ನೋಡಿ ಕುರ್ಚಿ ಎಳೆದಳು. ವಿಷಯ ಕೇಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹ್ಯಾಂಗರಿಗೆ ಹಾಕುವ ಮೊದಲೇ ಹೋಯಿತು. ಡಬ್ಬ ತೆರೆಯುವಾಗ ಒಬ್ಬರು ಇಲ್ಲೇ ನಿಂತಿದ್ದರು. ಅದನ್ನು ಕೈಗೆ ತೆಗೆದುಕೊಂಡವರು ಕೆಳಗೆ ಇಡಲೇ ಇಲ್ಲ. ಅಯ್ಯೋ, ಅದು ಅರ್ಲ್‌ನದೇ ಅಂಗಿ ಎಂದು ನನಗಾದರೂ ಹೊಳೆಯಬೇಡವೇ?"

"ಎಲ್ಲಿ ಹೋದರು?"

ಪೆಗ್ಗಿ ಕಿಟಕಿಯಿಂದ ರಸ್ತೆಯಾಚೆ ತೋರಿಸಿದಳು. ಐಸ್‌ಕ್ರೀಮ್ ಮಾರುವ ಒಂದು ಸಣ್ಣ ಗೂಡಂಗಡಿ, ಅದರ ಮುಂದೆ ಮರದ ಬೆಂಚು. ಬೆಂಚಿನ ಮೇಲೆ ದೊಡ್ಡ ಮೈಕಟ್ಟಿನ ಮುದುಕರೊಬ್ಬರು ಕುಳಿತಿದ್ದರು, ಪಕ್ಕದಲ್ಲಿ ಊರುಗೋಲು. ಅಂಥ ಬಿಸಿಲಿನಲ್ಲಿ, ಟೀ ಶರ್ಟಿನ ಮೇಲೆ ಆ ದಪ್ಪ ಅಂಗಿಯನ್ನು ತೊಟ್ಟು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದರು.

ರಸ್ತೆ ದಾಟುವಾಗ ಮಾತು ಜೋಡಿಸಿಕೊಂಡೆ. ಬೇಕಾದರೆ ಬೇರೆ ಯಾವುದೇ ಅಂಗಿ ತೆಗೆದುಕೊಳ್ಳಿ, ನಾಲ್ಕು ತೆಗೆದುಕೊಳ್ಳಿ ಎನ್ನೋಣ. ಒಪ್ಪದಿದ್ದರೆ ಅಳೋಣ. ಹತ್ತಿರ ಹೋಗಿ "ಎಕ್ಸ್‌ಕ್ಯೂಸ್ ಮಿ" ಎಂದೆ. ಅವರು ತಲೆಯೆತ್ತಿ, ನಾನು ಅಂಗಿಯನ್ನೇ ನೋಡುತ್ತಿರುವುದನ್ನು ಕಂಡು, ಮೆಚ್ಚಿ ಬಂದವಳು ಎಂದುಕೊಂಡರೇನೋ. ಜೇಬಿನ ಮೇಲೆ ಬೆರಳಿಟ್ಟು ನಕ್ಕರು.

"ನನ್ನ ಹೆಸರು. ನಿಜವಾಗಿಯೂ ನನ್ನದೇ ಹೆಸರು. ಅರ್ಲ್."

ನಾನು ಕುಳಿತುಬಿಟ್ಟೆ. ಅವರು ಐಸ್‌ಕ್ರೀಮ್ ಕರಗುವುದನ್ನೂ ಮರೆತು ಹೇಳಿದರು. ಹದಿನೆಂಟನೇ ವಯಸ್ಸಿನಲ್ಲಿ, ಇದೇ ರಸ್ತೆಯಲ್ಲಿ, ಕ್ವಿನ್ಸಿ ಊರಿನ ಗ್ಯಾಸ್ ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಸೇರಿದವರಿಗೆಲ್ಲ ಹೆಸರು ಹೊಲಿಸಿದ ಅಂಗಿ ಕೊಡುತ್ತಿದ್ದರು. ಅವರದನ್ನೂ ಹೊಲಿಯಲು ಹೇಳಿದ್ದರು. ಮೂರನೇ ವಾರಕ್ಕೆ ಮಾಲೀಕ ತೀರಿಕೊಂಡ, ಸ್ಟೇಷನ್ ಮುಚ್ಚಿತು, ಅಂಗಿ ಬರಲೇ ಇಲ್ಲ. "ಆಮೇಲೆ ಐವತ್ತಮೂರು ವರ್ಷ ದುಡಿದೆ. ಎಲ್ಲಿಯೂ ಹೆಸರಿನ ಅಂಗಿ ಇರಲಿಲ್ಲ, ನಂಬರಿನ ಬಿಲ್ಲೆ ಇತ್ತು ಅಷ್ಟೇ. ಇವತ್ತು ನನ್ನ ಕಣ್ಣ ಮುಂದೆಯೇ ಡಬ್ಬ ತೆರೆದಾಗ ಎಲ್ಲಕ್ಕಿಂತ ಮೇಲೆ ಇದಿತ್ತು."

ಎಲ್ಲಕ್ಕಿಂತ ಮೇಲೆ ಇಟ್ಟವಳು ಯಾರು ಎಂದು ನನಗೆ ಗೊತ್ತಿತ್ತು. ಇಷ್ಟೆಲ್ಲ ಕೇಳಿದ ಮೇಲೆ ಒಳ್ಳೆಯ ಹೆಂಗಸಾಗಿದ್ದರೆ ಎದ್ದು ಹೋಗಬೇಕಿತ್ತು. ನಾನು ಹೋಗಲಿಲ್ಲ. ನನಗೆ ಕಂಡದ್ದು ವಿನಿತಾಳ ಬಾಗಿಲಲ್ಲಿ ಬರೀ ಟೀ ಶರ್ಟಿನಲ್ಲಿ ನಿಂತ ನನ್ನ ಗಂಡ. "ಅದು ನನ್ನ ಗಂಡನ ಅಂಗಿ," ಎಂದೆ. "ತಪ್ಪಿ ಹೋಗಿ ಡಬ್ಬಕ್ಕೆ ಸೇರಿತು. ಅವರಿಗೆ ಇನ್ನೂ ಗೊತ್ತಿಲ್ಲ."

ಮುದುಕರು ಕೋನನ್ನು ಬೆಂಚಿನ ಬಿರುಕಿಗೆ ಸಿಕ್ಕಿಸಿ, ಮೇಲಿನ ಗುಂಡಿಗೆ ಕೈ ಹಾಕಿದರು. ಒಂದು ಗುಂಡಿಗೆ ಒಂದು ನಿಮಿಷ ಹಿಡಿಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ, ಸಹಾಯ ಮಾಡಲು ಕೈ ಬರಲಿಲ್ಲ. ನಿಜ ಹೇಳಿಬಿಡುತ್ತೇನೆ, ಬೇಗ ಬಿಚ್ಚಲಿ ಎಂದು ಕಾಯುತ್ತಿದ್ದೆ. ನನ್ನವರು ಕೊಟ್ಟಿಗೆಯಿಂದ ಬರುವ ಮೊದಲು ಅಂಗಿ ಹಿಡಿದು ಓಡಬೇಕಿತ್ತು.

ಮೂರನೇ ಗುಂಡಿ ಬಿಚ್ಚುವಾಗ ನನ್ನ ಗಂಡ ಹೊರಗೆ ಬಂದರು. ಅತ್ತ ಇತ್ತ ನೋಡಿ, ನಾನು ಕಾಣದೆ, ಅಂಗಡಿಯ ಬಾಗಿಲಿನ ಕಡೆ ಹೊರಟರು. ಒಳಗೆ ಹೋದರೆ ಪೆಗ್ಗಿ ಎಲ್ಲ ಹೇಳಿಬಿಡುತ್ತಾಳೆ. ನನಗೆ ಗಾಬರಿಯಾಯಿತು. ಅಭ್ಯಾಸಬಲ, ಹೊರಗಿದ್ದೇವಲ್ಲ, ಜೋರಾಗಿ ಕೂಗಿದೆ.

"ಅರ್ಲ್!"

ಇಬ್ಬರು ನನ್ನ ಕಡೆ ನೋಡಿದರು. ಒಬ್ಬರು ರಸ್ತೆಯಾಚೆ, ಒಬ್ಬರು ನನ್ನ ಪಕ್ಕದಲ್ಲೇ.

ಇವರು ರಸ್ತೆ ದಾಟಿ ಬಂದರು. ಹತ್ತಿರವಾಗುತ್ತಾ ಆಗುತ್ತಾ ಹೆಜ್ಜೆ ನಿಧಾನವಾಯಿತು. ತನ್ನ ಅಂಗಿಯನ್ನು ಗುರುತು ಹಿಡಿಯಲು ಅವರಿಗೆಷ್ಟು ಹೊತ್ತು? ನಾನು ಕನ್ನಡದಲ್ಲಿ ಒಂದೇ ಉಸಿರಿಗೆ ಒಪ್ಪಿಕೊಂಡೆ. "ದೇವರ ಪೆಟ್ಟಿಗೆ ಮೇಲಿತ್ತು, ನಾನೇ ಎತ್ತಿ ಡಬ್ಬದಲ್ಲಿ ಹಾಕಿದ್ದು. ಕನ್ನಡಕ ಮರೆತೆ ಅಂದಿದ್ದೂ ಸುಳ್ಳು. ಇವ್ರ ಹೆಸರು ನಿಜವಾಗ್ಲೂ ಅರ್ಲ್ ಅಂತೆ. ಆದ್ರೂ ವಾಪಸ್ ಕೊಡ್ತಿದಾರೆ."

ನನ್ನ ಗಂಡ ಬೆಂಚಿನ ಮೇಲೆ ಕುಳಿತು ಆ ಮುದುಕರನ್ನು ಮಾತಾಡಿಸಿದರು. ಯಾವ ಸ್ಟೇಷನ್, ಎಷ್ಟು ಪಂಪು, ಟೋಪಿ ಹಾಕುತ್ತಿದ್ದಿರಾ, ಗಾಜು ಒರೆಸುತ್ತಿದ್ದಿರಾ. ಹೌದು, ಒರೆಸುತ್ತಿದ್ದೆ, ಹೆಂಗಸರು ಡ್ರೈವ್ ಮಾಡುತ್ತಿದ್ದರೆ ಎರಡು ಸಲ ಎಂದು ಅವರು ನಕ್ಕರು. ನನ್ನ ಗಂಡ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಮೂವತ್ತೈದು ವರ್ಷ ಹುಡುಕಿದ್ದ ಆ ಮನುಷ್ಯ ಇವರೇ, ಐಸ್‌ಕ್ರೀಮ್ ಅಂಗಡಿಯ ಮುಂದೆ ಕೋಲು ಹಿಡಿದು ಕುಳಿತಿದ್ದರು. ಕೇಳಿ ಮುಗಿದ ಮೇಲೆ ನನ್ನ ಗಂಡ ಬಾಗಿ, ಬಿಚ್ಚಿದ್ದ ಮೂರು ಗುಂಡಿಗಳನ್ನು ಒಂದೊಂದಾಗಿ ಹಾಕಿದರು.

"ಬಿಸಿನೀರಿಗೆ ಹಾಕಬೇಡಿ," ಎಂದರು. "ಎಡ ಕಂಕುಳ ಕೆಳಗೆ ಒಂದು ತೇಪೆ ಇದೆ. ನನ್ನ ಹೆಂಡತಿ ಹಾಕಿದ್ದು. ಅಲ್ಲಿ ಜೋರಾಗಿ ಉಜ್ಜಬೇಡಿ."

ಮಗಳನ್ನು ಕಳಿಸಿಕೊಡುವಾಗ ಅವಳಿಗೆ ಖಾರ ಆಗುವುದಿಲ್ಲ ಎಂದು ಬೀಗರಿಗೆ ಹೇಳುತ್ತೇವಲ್ಲ, ಆ ಧ್ವನಿ. ಆ ಹಿರಿಯರು ತೇಪೆಯ ಮೇಲೆ ಕೈಯಾಡಿಸಿಕೊಂಡರು. ಕೊನೆಗೆ, "ನಿಮ್ಮ ಹೆಸರೂ ಅರ್ಲ್‌ ಏನು?" ಎಂದು ಕೇಳಿದರು. ಇವರು ಅಲ್ಲವೆಂದು ತಮ್ಮ ಹೆಸರು ಹೇಳಿದರು. ಅವರು ಮೊದಲ ಸಲ ತಪ್ಪಿದರು, ಎರಡನೆಯ ಸಲ ಸರಿಯಾಗಿ ಹೇಳಿ ಕೈಕುಲುಕಿದರು. ಅರ್ಧ ಗಂಟೆಯ ಹಿಂದೆ ಕಂಡವರು, ಎರಡೇ ಪ್ರಯತ್ನಕ್ಕೆ ಹೇಳಿಬಿಟ್ಟರು.

ಕೋಲ್ಡ್‌ವಾಟರ್ ದಾಟಿತು, ಬ್ರಾನ್ಸನ್ ದಾಟಿತು, ಸ್ಟರ್ಜಿಸ್ ಬಂತು. ನಾನೇ ತಡೆಯಲಾರದೆ, "ಬೈದಾದ್ರೂ ಬಿಡಿ," ಎಂದೆ.

"ಬೈಯೋಕೇನಿದೆ? ಸರಿಯಾದೋರಿಗೇ ಹೋಗಿದೆ." ಸ್ವಲ್ಪ ದೂರ ಹೋದ ಮೇಲೆ ಹೇಳಿದರು, "ದೇವರಿಗೆ ಅಷ್ಟೊಂದ್ ಮೈಲಿಗೆ ಆಗ್ತಿರ್ಲಿಲ್ಲ ಕಣೆ. ಬೆಚ್ಚಗೇ ಇರ್ತಿತ್ತು ಅದಕ್ಕೆ."

ಆಗ ಅಳು ಬಂತು. ಒಳ್ಳೆಯತನ ಬೈಗುಳಕ್ಕಿಂತ ಹೆಚ್ಚು ಉರಿಸುತ್ತದೆ. ಸೆರಗು ಇರಲಿಲ್ಲ, ಖಲೀದಾ ಕೊಟ್ಟ ಬುತ್ತಿಗೆ ಸುತ್ತಿದ್ದ ಕರವಸ್ತ್ರದಲ್ಲೇ ಮೂಗು ಒರೆಸಿಕೊಂಡೆ.

"ಅಂಗಿ ಹೋಯ್ತು ಅಂತಲ್ಲ ಶುಭಾ," ಎಂದರು ರಸ್ತೆಯನ್ನೇ ನೋಡುತ್ತಾ. "ಅರೋರಾದಲ್ಲಿ ನನ್ನ ಬಲ್ಲೋರು ಯಾರೂ ಇಲ್ಲ. ಇನ್ಮೇಲೆ ನಾಲ್ಕು ಜನರ ಮಧ್ಯೆ ನೀನು ನನ್ನ ಏನಂತ ಕರೀತೀಯ?"

"ಅರ್ಲ್ ಅಂತಲೇ."

"ಅದು ಅವ್ರದ್ದು. ಕೊಟ್ಟಾಯ್ತಲ್ಲ."

ಉತ್ತರ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೆಸರು ಹಿಡಿದೇ ಕರಿ ಎಂದು ಅವರು ಕೇಳಲಿಲ್ಲ. ಮನೆ ಬಿಡಲು ಆಗಲಿ ಎಂದಂತೆ, ಇದಕ್ಕೂ ಆಗಲಿ ಎಂದುಕೊಂಡು ಸುಮ್ಮನಾದರು. ಸೂಟ್‌ಕೇಸಿನಲ್ಲಿ ಉಳಿದ ಹನ್ನೊಂದರಲ್ಲಿ ಒಂದನ್ನು ಹಾಕಿಕೊಳ್ಳಿ ಎಂದೆ. ಬೇಡ ಎಂದರು.

ಇಂಡಿಯಾನಾದ ಗ್ಯಾರಿ ಹತ್ತಿರ ಪೆಟ್ರೋಲಿಗೆ ನಿಂತೆವು. ಟ್ರಕ್ಕುಗಳು ನಿಲ್ಲುವ ದೊಡ್ಡ ಜಾಗ, ಇಪ್ಪತ್ತು ಮೂವತ್ತು ಪಂಪು, ಕಿವಿ ಕಿವುಡಾಗುವಷ್ಟು ಗದ್ದಲ. ನಮ್ಮ ಪಂಪಿನ ಮಿಷನ್ ಕಾರ್ಡು ತೆಗೆದುಕೊಳ್ಳಲಿಲ್ಲ. ಒಳಗೆ ಕೊಟ್ಟು ಬರುತ್ತೇನೆ ಎಂದು ಅವರು ಹೊರಟರು. ನೋಡಿದರೆ ಪರ್ಸು ಸೀಟಿನ ಮೇಲೇ ಬಿದ್ದಿದೆ. ಅದನ್ನು ಹಿಡಿದು ಇಳಿಯುವಷ್ಟರಲ್ಲಿ ಅವರು ಅರ್ಧ ದಾರಿ ಹೋಗಿದ್ದರು. ಮೊಣಕಾಲು ನೋವು, ಓಡಲು ನನ್ನಿಂದಾಗದು.

"ರೀ!" ಎಂದೆ. ಒಂದು ಟ್ರಕ್ಕಿನ ಬ್ರೇಕು ಅದನ್ನು ನುಂಗಿತು. ನಾಲಿಗೆಯ ತುದಿಗೆ ಅರ್ಲ್ ಬಂತು. ಬಿಸಿಲಿನಲ್ಲಿ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು ಕುಳಿತಿದ್ದ ಮುಖ ನೆನಪಾಯಿತು, ಹಾಗೇ ನುಂಗಿಕೊಂಡೆ. ಹಿಂದಿನಿಂದ ನೋಡಿದರೆ ಅವರ ಹೆಗಲು ಒಂದು ಕಡೆ ವಾಲಿತ್ತು. ಅಷ್ಟು ಜನರ ನಡುವೆ, ಮಾಸಿದ ಟೀ ಶರ್ಟಿನಲ್ಲಿ, ಯಾವ ಹೆಸರೂ ಇಲ್ಲದೆ ನಡೆದು ಹೋಗುತ್ತಿದ್ದರು. ಮೂವತ್ತೈದು ವರ್ಷ ಅವರ ಆಯುಸ್ಸನ್ನು ಉಳಿತಾಯ ಮಾಡಿದ್ದೇನೆ, ಒಂದು ಸಲಕ್ಕೆ ಏನೂ ಕರಗದು ಎಂದುಕೊಂಡೆ.

"ಸತ್ಯ," ಎಂದೆ.

ನನಗೇ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡೆ.

"ಸತ್ಯ!"

ತಿರುಗಲಿಲ್ಲ. ಇನ್ನೂ ಜೋರಾಗಿ, ಹೊಟ್ಟೆಯಿಂದ ಕೂಗಿದೆ. "ಸತ್ಯಾ!"

ಅವರು ನಿಂತರು. ಬಲಗಡೆ ಪಂಪುಗಳ ಕಡೆ ನೋಡಿದರು. ಎಡಗಡೆ ಟ್ರಕ್ಕುಗಳ ಕಡೆ ನೋಡಿದರು. ಅಂಗಡಿಯ ಬಾಗಿಲು, ರಸ್ತೆಯ ಮೇಲಿನ ಸೇತುವೆ, ಎಲ್ಲ ಕಡೆಗೂ ಕಣ್ಣು ಹಾಯಿಸಿದರು. ಆ ಹೆಸರನ್ನು ಹಾಗೆ ಎಳೆದು ಕರೆಯುತ್ತಿದ್ದವರು ಅವರಮ್ಮ ಒಬ್ಬರೇ. ಅಮ್ಮ ತೀರಿಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಊರಿನವರು ಯಾರೋ ಬಂದಿದ್ದಾರೆಂದು ಅವರು ಹುಡುಕುತ್ತಲೇ ಇದ್ದರು. ನಾನಿದ್ದ ಕಡೆ ಮಾತ್ರ ನೋಡಲಿಲ್ಲ. ನಾನಾಗಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ.

ಪರ್ಸು ಹಿಡಿದ ಕೈಯನ್ನು ಮೇಲೆತ್ತಿದೆ. "ನಾನೇ, ರೀ," ಎಂದೆ.

ಅವರು ನನ್ನನ್ನು ಕಂಡರು. ಪರ್ಸಿಗಾಗಿ ಹತ್ತಿರ ಬರಲಿಲ್ಲ, ನಿಂತಲ್ಲೇ ನಿಂತರು. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದ. ಮೀಸೆಯಿಲ್ಲದ ಆ ಮುಖದಲ್ಲಿ, ವಿಮಾನ ನಿಲ್ದಾಣದಲ್ಲಿ ಕೈ ಬೀಸುತ್ತಾ ನಿಂತಿದ್ದವನು ಹಾಗೇ ಇದ್ದ.

"ಇನ್ನೊಂದ್ ಸಲ ಕರಿ," ಎಂದರು.

ಕರೆದೆ.